ಚಂದಾಪುರದಿಂದ ಪೀಣ್ಯಕ್ಕೆ ಒಂಬತ್ತು ಹೊಂಗೆ ಸಸಿ

ಭಾನುವಾರ ಬೆಳಿಗ್ಗೆ ಆರೂವರೆಗೆ ನಾನೂ ಸರೋಜಳೂ ಪೀಣ್ಯದಲ್ಲಿ ಮಾರ್ಕೆಟ್ ಬಸ್ಸು ಹತ್ತಿದೆವು. ಕೈಯಲ್ಲಿ ಎರಡು ಗೋಣಿಚೀಲ, ಒಂದು ಬುತ್ತಿ. ಎಂಬತ್ತರ ದಶಕದ ಮೊದಲ ವರ್ಷಗಳು. ಜೂನ್ ಆಗಷ್ಟೇ ಶುರುವಾಗಿತ್ತು.

ನಾವಿಬ್ಬರೂ ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದೆವು. ಅಂಗಳದಲ್ಲಿ ಒಂದೂ ಮರವಿರಲಿಲ್ಲ. ಊಟದ ಹೊತ್ತಿಗೆ ಹೆಂಗಸರೆಲ್ಲ ಕಾಂಪೌಂಡ್ ಗೋಡೆಯ ಗೇಣಗಲದ ನೆರಳಿಗೆ ಬೆನ್ನು ಒತ್ತಿಕೊಂಡು ಕೂರುತ್ತಿದ್ದೆವು. ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಸರೋಜ ಅಲ್ಲೇ ತಲೆ ಸುತ್ತಿ ಬಿದ್ದಳು. ಆಗ ಅವಳಿಗೆ ನಾಲ್ಕು ತಿಂಗಳು. ಮಗು ಉಳಿಯಲಿಲ್ಲ. ಬಿಸಿಲಿಗೇ ಹೀಗಾಯಿತೆಂದು ಡಾಕ್ಟರು ಹೇಳಲಿಲ್ಲ; ಸರೋಜಳಿಗೆ ಮಾತ್ರ ಹಾಗೇ ಅನಿಸಿತ್ತು.

ಮರ ನೆಡೋಣವೆಂದು ಅವಳು ಹಟ ಹಿಡಿದಾಗ ಮಾಲೀಕರು ಇಂಗ್ಲಿಷ್ ಪುಸ್ತಕವೊಂದನ್ನು ತೆರೆದು, "ಇಂಡಿಯನ್ ಬೀಚ್ ಅಂತ ಒಂದು ಮರ ಇದೆ, ಒಳ್ಳೇ ನೆರಳು. ಎಲ್ಲಿ ಸಿಗುತ್ತೋ ಏನೋ" ಎಂದರು. ಸರೋಜ ಚಿತ್ರ ನೋಡಿ, "ಸಾರ್, ಇದು ಹೊಂಗೆ!" ಎಂದಳು. ಚಂದಾಪುರದ ಹತ್ತಿರ ರಸ್ತೆಯುದ್ದಕ್ಕೂ ಅವು ನಿಂತಿದ್ದನ್ನು ಅವಳು ನೋಡಿದ್ದಳು.

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿದೆವು. ಅಲ್ಲಿಂದ ತಲಾ ಎರಡು ರೂಪಾಯಿ. ಹಿಂದಿನ ದಿನ ಮಳೆಯಾಗಿತ್ತು, ಹೊಲಗಳಲ್ಲಿ ನೇಗಿಲು ಹೂಡಿದ್ದರು. ಎಲೆಕ್ಟ್ರಾನಿಕ್ ಸಿಟಿ ಎಂಬ ಬೋರ್ಡಿನ ಹಿಂದೆ ಒಂದೆರಡು ಶೆಡ್ಡು, ಉಳಿದದ್ದೆಲ್ಲ ಬಯಲು. ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಮರಗಳ ಗುರುತೇ ಇಲ್ಲ. ಕಂಡದ್ದಕ್ಕೆಲ್ಲ "ಇದಾ?" ಎಂದೆ. "ಅದು ಬೇವು ಕಣೇ" ಎಂದು ಸರೋಜ ನಕ್ಕಳು. ಮಾರ್ಚಿನಿಂದೀಚೆಗೆ ಅವಳು ನಕ್ಕದ್ದು ಅದೇ ಮೊದಲು.

ಚಂದಾಪುರಕ್ಕೆ ಒಂದು ಮೈಲಿ ಮುಂಚೆಯೇ ಇಳಿದೆವು. ರಸ್ತೆಯಂಚಿನ ದೊಡ್ಡ ಹೊಂಗೆಯ ಕೆಳಗೆ ವಯಸ್ಸಾದ ಹೆಂಗಸೊಬ್ಬರು ತರಗೆಲೆ ಗುಡಿಸುತ್ತಿದ್ದರು. ಹಿಂದಿನ ಹೊಲ ಅವರದೇ, ಹೆಸರು ಪಿಳ್ಳಮ್ಮ. ಮರದ ಬೊಡ್ಡೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದಿತ್ತು.

"ನೀವೂ ಅಳತೆಯೋರಾ? ರಸ್ತೆ ಅಗಲ ಮಾಡ್ತೀವಿ ಅಂತ ಆಗ್ಲೇ ನಂಬರ್ ಆಕಿ ಓಗವ್ರೆ."

"ಇಲ್ಲಮ್ಮ, ಸಸಿ ಕೇಳೋಕ್ ಬಂದ್ವಿ" ಎಂದೆ.

"ಮರ ಕಡಿಯಾಕೆ ಮೊದ್ಲೇ ಮರೀಗೂ ಬಂದ್ರಾ? ಓಗ್ರಮ್ಮ!"

ಆಗ ಸರೋಜ ಮುಂದೆ ಬಂದು ಗೋಡೆಯ ನೆರಳು, ತಾನು ಬಿದ್ದದ್ದು, ಮಗು ಹೋದದ್ದು ಎಲ್ಲವನ್ನೂ ಹೇಳಿದಳು. ನನ್ನ ಹತ್ತಿರವೂ ಅಷ್ಟು ಹೇಳಿಕೊಂಡಿರಲಿಲ್ಲ. ಪಿಳ್ಳಮ್ಮ ಪೊರಕೆ ಕೆಳಗಿಟ್ಟರು.

"ಮೊದ್ಲು ಕೂತ್ಕೊ ಮಗಾ."

ಮಜ್ಜಿಗೆ ತಂದುಕೊಟ್ಟು, ತಾವೇ ಹಾರೆ ಹಿಡಿದರು. ಮರದ ಸುತ್ತ ಮೊಳದೆತ್ತರದ ಸಸಿಗಳಿದ್ದವು. "ಎಲೆ ಎಣ್ಣೆ ಸವರ್ದಂಗೆ ಮಿರುಗ್ಬೇಕು, ಕಾಯೊಳಗೆ ಒಂದೇ ಬೀಜ. ಅದು ಒಂಗೆ" ಎಂದು ನನಗೆ ತೋರಿಸಿದರು. "ತಾಯಿಬೇರು ಆಳಕ್ಕಿರ್ತದೆ, ಮುರೀಬಾರ್ದು. ಎರಡು ಬೇಸ್ಗೆ ನೀರುಣ್ಸಿ, ಆಮೇಲೆ ಅದೇ ನಿಮ್ಮನ್ನ ನೋಡ್ಕೊಳ್ತದೆ."

ಒಂಬತ್ತು ಸಸಿಗಳನ್ನು ಮಣ್ಣುಸಮೇತ ಒದ್ದೆ ಗೋಣಿಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿಕೊಟ್ಟರು. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅವರು ಮತ್ತೆ ಮರದಡಿ ಗುಡಿಸತೊಡಗಿದ್ದರು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ತೋಟಾನೇ ತಂದ್ಬಿಟ್ರಲ್ರೀ, ಎಲ್ಲಿಡ್ತೀರಾ?" ಎಂದು ಕಂಡಕ್ಟರು ರೇಗಿದರು. ಕಿಟಕಿ ಪಕ್ಕದವರೊಬ್ಬರು "ಕೊಡಿ ಅಕ್ಕ, ನಾನೊಂದ್ ಇಟ್ಕೋತೀನಿ" ಎಂದು ಕೈಚಾಚಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಹೀಗೆ ಎಂಟು ಸಸಿಗಳು ಎಂಟು ತೊಡೆಗಳ ಮೇಲೆ ಮಾರ್ಕೆಟ್ ತಲುಪಿದವು. ಒಂಬತ್ತನೆಯದನ್ನು ಸರೋಜ ಯಾರಿಗೂ ಕೊಡಲಿಲ್ಲ.

ಕಾರ್ಖಾನೆಯ ಅಂಗಳದಲ್ಲಿ ನೆಟ್ಟ ಒಂಬತ್ತರಲ್ಲಿ ಏಳು ಬದುಕಿದವು. ನಾಲ್ಕನೆಯ ಬೇಸಿಗೆಯಲ್ಲಿ ನಾವು ಬುತ್ತಿ ಬಿಚ್ಚಿದ್ದು ಅವುಗಳ ಕೆಳಗೇ. ಉಂಡು ಎಲ್ಲರೂ ಎದ್ದು ಹೋದರೂ, ಸರೋಜ ಮಾತ್ರ ಸೈರನ್ ಕೂಗುವವರೆಗೆ ಅಲ್ಲೇ ಕೂತಿರುತ್ತಿದ್ದಳು.