ತಣ್ಣಗಿದ್ದ ಎಂಜಿನ್‌ನ ಮುನ್ನೂರು ಡಿಗ್ರಿ

ಗಾಡಿ ರಿಪೇರಿಯನ್ನು ಕಿವಿಯಿಂದ ಕಲಿತು, ಕಂಪ್ಯೂಟರಿನ ಕಾಲಕ್ಕೂ ತಮ್ಮನ್ನು ಒಗ್ಗಿಸಿಕೊಂಡ ಕೆಲವೇ ಮೆಕ್ಯಾನಿಕ್‌ಗಳಲ್ಲಿ ಶ್ರೀ ನಾಗೇಂದ್ರಪ್ಪನವರು ಒಬ್ಬರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಆಂಬುಲೆನ್ಸ್‌ಗಳು ಹದಿನಾಲ್ಕು ವರ್ಷ ಅವರ ಕೈ ದಾಟಿಯೇ ರಸ್ತೆಗಿಳಿದವು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟಕ್ಕೆ ಅವರು ಹಾಕಿದ ಷರತ್ತು ಒಂದೇ: "ಜಗಳೂರು ಗಾಡಿ ವಿಚಾರ ಬಿಟ್ಟು ಬರೆಯೋದಾದ್ರೆ ನಂಗೆ ಹಾರಾನೂ ಬ್ಯಾಡ, ಪುಸ್ತಕಾನೂ ಬ್ಯಾಡ."

ಸಂತೇಬೆನ್ನೂರಿನ ಲಾರಿ ಗ್ಯಾರೇಜಿನಲ್ಲಿ ಕೆಲಸ ಆರಂಭಿಸಿ, ಹೊನ್ನಾಳಿಯಲ್ಲಿ ಟ್ರ್ಯಾಕ್ಟರ್‌ಗಳನ್ನು ಬಿಚ್ಚಿ ಕಟ್ಟಿ, ಕಡೆಗೆ ಚನ್ನಗಿರಿಯ ಆಂಬುಲೆನ್ಸ್ ಶೆಡ್ಡಿಗೆ ಮುಖ್ಯ ಮೆಕ್ಯಾನಿಕ್ ಆಗಿ ಬಂದವರು ಅವರು. ನ್ಯಾಮತಿಯ ಚಾಲಕರೊಬ್ಬರ ಕಾಲು ಮುರಿದಾಗ ಮೂರು ತಿಂಗಳು ತಮ್ಮ ಬೈಕಿನಲ್ಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಡಿಪ್ಲೊಮಾ ಮುಗಿಸಿ ಬಂದ ರಕ್ಷಾ ಅವರನ್ನು ಶೆಡ್ಡಿನವರು ಗಾಡಿಯ ದೋಷ ಓದುವ ಸ್ಕ್ಯಾನರ್ ಮುಂದಷ್ಟೇ ಕೂರಿಸಿದಾಗ, ಕೈಗೆ ಸ್ಪ್ಯಾನರ್ ಕೊಟ್ಟು, "ಪರದೆ ನೋಡಿದ್ರೆ ಸಾಲದಮ್ಮ, ಕೈ ಮಸಿ ಆಗ್ಬೇಕು" ಎಂದರು.

ಹೋದ ವರ್ಷ, ಆಯುಧಪೂಜೆ ಕಳೆದು ಒಂದು ತಿಂಗಳಿಗೆ, ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದ ದುರ್ಗಾಂಬಿಕಾ ಎಂಬ ಹೆಣ್ಣುಮಗಳನ್ನು ಜಗಳೂರಿನಿಂದ ದಾವಣಗೆರೆಗೆ ಒಯ್ಯುತ್ತಿದ್ದ ಆಂಬುಲೆನ್ಸ್, ಅರ್ಧ ದಾರಿಯಿಂದಾಚೆ ಮೂವತ್ತರ ವೇಗ ದಾಟಲಿಲ್ಲ. ಆಕೆ ದಾರಿಯಲ್ಲೇ ತೀರಿಕೊಂಡರು. ಚಾಲಕ ಸಿದ್ದೇಶ್ ಕುಡಿದಿದ್ದರೆಂದು ಸುದ್ದಿ ಹಬ್ಬಿತು. ಗುತ್ತಿಗೆ ಸಂಸ್ಥೆ ಅವರನ್ನು ಅಮಾನತಿನಲ್ಲಿಟ್ಟಿತು. ಕೇಸು ಹಾಕುವ ಮಾತೂ ಬಂತು. ಗಾಡಿಯನ್ನು ಊರೊಳಗೆ ಓಡಿಸಿ ನೋಡಿದರೆ ಸರಾಗವಾಗಿ ಓಡಿತು. ಸ್ಕ್ಯಾನರ್‌ನಲ್ಲಿ ದೋಷವೇ ಇರಲಿಲ್ಲ.

ನಾಗೇಂದ್ರಪ್ಪನವರಿಗೆ ಸಮಾಧಾನವಾಗಲಿಲ್ಲ. ರಾತ್ರಿಯಿಡೀ ನಿಂತಿದ್ದ ಗಾಡಿಯಲ್ಲಿ ಬೆಳಿಗ್ಗೆ ಎಂಜಿನ್ ಶುರುಮಾಡದೆ ಬರೀ ಕೀಲಿ ತಿರುಗಿಸಿ, ಅಂಕಿಗಳನ್ನು ಒಂದೊಂದಾಗಿ ಓದಲು ರಕ್ಷಾ ಅವರಿಗೆ ಹೇಳಿದರು.

"ಸರ್, ಸೈಲೆನ್ಸರ್ ಪೈಪು ಮುನ್ನೂರು ಡಿಗ್ರಿ ತೋರಿಸ್ತೈತೆ."

ಅವರು ಪೈಪಿನ ಮೇಲೆ ಅಂಗೈ ಇಟ್ಟರು. ಇಬ್ಬನಿ ಕೈಗೆ ಹತ್ತಿತು.

ಪೈಪಿನ ಬಿಸಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿತ್ತು. ಇರುವ ಬಿಸಿಗೆ ಮುನ್ನೂರು ಕೂಡಿಸಿ ಹೇಳಿದರೆ, ಊರೊಳಗಿನ ಓಡಾಟದಲ್ಲಿ ಮಿತಿ ದಾಟುವುದಿಲ್ಲ. ದೂರದ ವೇಗದ ಓಟದಲ್ಲಿ ದಾಟುತ್ತದೆ, ಆಗ ಎಂಜಿನ್ ಉಳಿಸಲೆಂದು ಕಂಪ್ಯೂಟರ್ ಅದರ ಶಕ್ತಿ ಕಡಿತ ಮಾಡುತ್ತದೆ. ಸಿದ್ದೇಶ್ ಕಾಲಡಿಯ ಪೆಡಲ್ ಎಷ್ಟು ಒತ್ತಿದರೂ ಆ ದಿನ ಪ್ರಯೋಜನವಿರಲಿಲ್ಲ.

ಹೊಸ ಸೆನ್ಸರ್ ಹಾಕಿದರು. ಅದೇ ಮುನ್ನೂರು. ವೈರಿನ ಪ್ಲಗ್ ಬಿಚ್ಚಿದಾಗ ಒಳಗೆ ತೇವ ಕಂಡಿತು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅಂಕಿ ಕೆಡಿಸುತ್ತಿದ್ದದ್ದು ಆ ಕಿಲುಬೇ. ಆಯುಧಪೂಜೆಯ ದಿನ ಕುಂಕುಮ ಇಡುವ ಮುಂಚೆ ಎಲ್ಲ ಗಾಡಿಗಳ ಎಂಜಿನ್‌ಗಳನ್ನು ಪ್ರೆಶರ್ ಪಂಪಿನಿಂದ, ಅಡಿಯಿಂದಲೂ ಸೇರಿಸಿ, ಫಳಫಳ ತೊಳೆದದ್ದು ನಾಗೇಂದ್ರಪ್ಪನವರೇ. ಆ ಕೆಲಸವನ್ನು ಅವರು ಬೇರೆಯವರಿಗೆ ಬಿಡುತ್ತಿರಲಿಲ್ಲ.

ರಕ್ಷಾ ಮೆಲ್ಲಗೆ ಅಂದರು: "ಸರ್, ನೀರು ಹೆಂಗೆ ಹೋಯ್ತು ಅಂತ ಬರಿಯಾಕೆ ಹೋಗ್ಬ್ಯಾಡ್ರಿ. ಮಳೆ ಅಂದ್ರಾಯ್ತು."

"ಮಳೆ ಕೆಳಗಿಂದ ಮ್ಯಾಲಕ್ಕೆ ಹೊಡಿತೈತೇನಮ್ಮ?"

ವರದಿಯಲ್ಲಿ ಅವರು ತಮ್ಮ ಹೆಸರನ್ನೇ ಬರೆದರು. ಸಿದ್ದೇಶ್ ಅವರ ಅಮಾನತು ರದ್ದಾಯಿತು. ನಾಗೇಂದ್ರಪ್ಪನವರಿಗೆ ಸಿಗಬೇಕಿದ್ದ ಎರಡು ವರ್ಷದ ಸೇವಾ ವಿಸ್ತರಣೆ ನಿಂತುಹೋಯಿತು. ಜಗಳೂರಿನ ಹತ್ತಿರದ ಹಳ್ಳಿಯಲ್ಲಿದ್ದ ದುರ್ಗಾಂಬಿಕಾ ಅವರ ಮನೆಗೂ ಹೋಗಿ ಹೇಳಿದರು. ಆಕೆಯ ಗಂಡ ತಿಪ್ಪೇಶ್ ಬಯ್ಯಲಿಲ್ಲ, ಕೂರಲೂ ಹೇಳಲಿಲ್ಲ. ಒಳಗೆ ಮಗು ಅಳುತ್ತಿತ್ತು. ತಿಪ್ಪೇಶ್ ಕೇಳಿದರು, "ಆತೇನ್ರಿ ನಿಮ್ದು?" ನಾಗೇಂದ್ರಪ್ಪನವರು ಬಸ್ಸು ಹಿಡಿಯದೆ ಜಗಳೂರಿನವರೆಗೂ ನಡೆದೇ ಬಂದರು.

ಆ ಗಾಡಿಯನ್ನು ಮತ್ತೆ ಹತ್ತಲು ಸಿದ್ದೇಶ್ ಈ ತಿಂಗಳವರೆಗೂ ಒಪ್ಪಿರಲಿಲ್ಲ. ಈಗ ಒಪ್ಪಿದ್ದಾರೆ. ಆದರೆ ಪ್ರತಿ ಸೋಮವಾರ ಅದನ್ನು ನಾಗೇಂದ್ರಪ್ಪನವರೇ ಪರೀಕ್ಷಿಸಬೇಕಂತೆ, ನಿವೃತ್ತಿಯಾದರೂ ಸರಿ. ಕಾರಣ ಕೇಳಿದವರಿಗೆ ಸಿದ್ದೇಶ್ ಮುಖ ನೋಡದೆ ಹೇಳಿದರು: "ನಾನು ಆ ಮನುಷ್ಯನ್ನ ಮಾತಾಡಿಸಾಕಿಲ್ಲ. ಆದ್ರೆ ಗಾಡಿ ಅವ್ರೇ ನೋಡ್ಲಿ. ಬ್ಯಾರೆಯೋರು ನೋಡಿದಂಗೆ ಮಾಡಿ ಬಿಡ್ತಾರೆ, ಅವ್ರಿಗೆ ಇನ್ನು ಹಂಗೆ ಬಿಡಾಕೆ ಆಗಾಕಿಲ್ಲ."

ನಾಗೇಂದ್ರಪ್ಪನವರು ಬರುತ್ತೇನೆಂದಿದ್ದಾರೆ. ಅವರಿಗೆ ಆಯುಷ್ಯವೂ ಕೈಯಲ್ಲಿ ಕಸುವೂ ದೀರ್ಘಕಾಲ ಇರಲಿ. ಆ ಸೋಮವಾರಗಳು ಒಂದೂ ತಪ್ಪದಿರಲಿ.