ಮೇಜಿಗೆ ತಲುಪದ ಕರೆ

ಬೆಳಕು ಇನ್ನೂ ಹರಿಯುತ್ತಿದೆ. ಡಾನ್ಯೂಬ್ ದಂಡೆಯ ಆಂಬುಲೆನ್ಸ್ ಕೇಂದ್ರದ ನೆಲಮಾಳಿಗೆಯಲ್ಲಿ ಸ್ಮರಾಂದಾ ಬ್ರಾತು ಎರಡೂ ಕಿವಿಗೆ ಒಂದೊಂದು ಫೋನು ಹಿಡಿದು ಕುಳಿತಿದ್ದಾರೆ. ಎರಡರಿಂದಲೂ ಒಟ್ಟಿಗೇ ಕೇಂದ್ರಕ್ಕೆ ಕರೆ ಹೋಗುತ್ತದೆ. ಮೆಟ್ಟಿಲ ಮೇಲಿಂದ ಪಾಳಿಯವಳು ಕೂಗುತ್ತಾಳೆ: "ಎರಡೂ ಬಂತು ಮೇಡಂ! ಇನ್ನಾದ್ರೂ ಬಂದು ಕಾಫಿ ಕುಡೀರಿ."

"ಇನ್ನೊಂದ್ಸಲ ನೋಡ್ತೀನಿ ತಾಳು."

ಇಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ರೊಮೇನಿಯಾದ ಈ ಊರಿನಲ್ಲಿ ಅವರನ್ನು ಬಲ್ಲವರು ಕಡಿಮೆ. ಊರಿಗೆಲ್ಲ ಗೊತ್ತಿರುವುದು ವೆತುರಿಯಾಳ ಹೆಸರು. ಹೋದ ಚಳಿಗಾಲದಲ್ಲಿ, ಟ್ರಾಮ್ ಓಡಿಸಿ ನಿವೃತ್ತರಾಗಿದ್ದ ಮುದುಕರೊಬ್ಬರು ಎದೆ ಹಿಡಿದುಕೊಂಡು ಕುಸಿದರು. ಹೆಂಡತಿ ಈ ಕೇಂದ್ರಕ್ಕೆ ಮಾಡಿದ ಕರೆ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮುದುಕರು ಉಳಿಯಲಿಲ್ಲ. ಫೋನೆತ್ತುವ ಪಾಳಿಯಲ್ಲಿದ್ದ ವೆತುರಿಯಾ ನಿದ್ದೆ ಹೋಗಿದ್ದಳೆಂದು ಕೆಲಸದಿಂದ ತೆಗೆದರು.

"ಫೋನೇ ರಿಂಗಾಗಿಲ್ಲ ಅಂತ ಅತ್ಲು. ಯಾರು ನಂಬ್ತಾರೆ?" ಎನ್ನುತ್ತಾರೆ ಸ್ಮರಾಂದಾ.

ಕೇಂದ್ರದ ಎಂಟು ಟೆಲಿಫೋನ್ ಲೈನುಗಳೂ ಒಂದೇ ಕಾರ್ಡಿಗೆ ಬಂದು ಸೇರುತ್ತವೆ. ಯಾವುದಕ್ಕೆ ಕರೆ ಬಂದರೂ ಕಾರ್ಡು ಕಂಪ್ಯೂಟರನ್ನು ತಡೆದು "ಇತ್ತ ನೋಡು" ಎನ್ನುತ್ತದೆ, ಅದೇ ಇಂಟರಪ್ಟ್. ಬಂದದ್ದು ಯಾವ ಲೈನಿಗೆ ಎಂದು ನೋಡಬೇಕಾದದ್ದು ಆ ಕಾರ್ಡನ್ನು ನಡೆಸುವ ತಂತ್ರಾಂಶ, ಲಿನಕ್ಸ್ ಡ್ರೈವರ್. ಅಂದು ಎರಡು ಕರೆ ಒಟ್ಟಿಗೇ ಬಂದು ಒಂದು ಕಳೆದುಹೋಯಿತೇನೋ ಎಂಬ ಅನುಮಾನಕ್ಕೆ ಸ್ಮರಾಂದಾ ವಾರಗಟ್ಟಲೆ ಎರಡು ಫೋನು ಹಿಡಿದು ಒದ್ದಾಡಿದರು. ಕೊನೆಗೊಂದು ಮುಂಜಾನೆ ಎರಡೂ ಕರೆ ಒಂದೇ ಕ್ಷಣಕ್ಕೆ ಬಿದ್ದವು. ಎಡಗಿವಿಯಲ್ಲಿ ರಿಂಗ್ ಕೇಳುತ್ತಲೇ ಇತ್ತು. ಮೇಲೆ, ಮೇಜಿನ ಮೇಲೆ ಆ ಲೈನಿನ ಫೋನು ತೆಪ್ಪಗಿತ್ತು.

"ಡ್ರೈವರ್ ಒಂದು ಲೈನ್ ನೋಡಿ, ಎಲ್ಲದರ ಗುರುತೂ ಅಳಿಸ್ಬಿಡ್ತಿತ್ತು. ಇನ್ನೊಂದು ಬಂದಿತ್ತು ಅನ್ನೋದೇ ಅದಕ್ಕೆ ಗೊತ್ತಾಗ್ತಿರ್ಲಿಲ್ಲ. ಎಂಟನ್ನೂ ನೋಡೋ ಹಾಗೆ, ನೋಡಿದ್ದನ್ನ ಮಾತ್ರ ಅಳಿಸೋ ಹಾಗೆ ತಿದ್ದಿದೆ. ಅರ್ಧ ದಿನದ ಕೆಲಸ. ಅಷ್ಟಕ್ಕೊಂದು ಜೀವ ಹೋಯ್ತು."

ಕೇಂದ್ರದ ನಿರ್ದೇಶಕರು ಬಾಗಿಲು ಮುಚ್ಚಿ ಹೇಳಿದರಂತೆ: "ಸರಿಹೋಯ್ತಲ್ಲ ಮೇಡಂ, ಇಲ್ಲಿಗೇ ಬಿಡಿ. ಹೊರಗೆ ಬಾಯಿಬಿಟ್ರೆ ಕೇಸು ನಮ್ಮ ತಲೆಗೇ ಸುತ್ಕೊಳ್ಳುತ್ತೆ. ನಿಮ್ಮ ನಿವೃತ್ತಿಗೆ ಎಷ್ಟು ದಿನ ಇದೆ?"

ವೆತುರಿಯಾ ಈಗ ಬೇಕರಿಯ ಕಿಟಕಿಯಲ್ಲಿ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು, ಕೊವ್ರಿಗಿ, ಮಾರುತ್ತಾಳೆ. "ಎದ್ದಿದ್ದೀಯೇನಮ್ಮಾ? ಬಿಸಿದು ಕೊಡು," ಎಂದು ಚುಚ್ಚುವ ಗಿರಾಕಿಗಳಿದ್ದಾರೆ. ಸ್ಮರಾಂದಾ ಅಲ್ಲಿಗೇ ಹೋಗಿ ನಡೆದದ್ದೆಲ್ಲ ಹೇಳಿದರು. ಅವಳು ಪೊಟ್ಟಣ ಮಡಚುತ್ತ ಕೇಳಿದಳು: "ನಂಗ್ಯಾಕಕ್ಕ ಹೇಳ್ತೀಯಾ? ನಾನು ಮಲಗಿರ್ಲಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತಲ್ಲ."

ಇದನ್ನು ಹೇಳಿ ಸ್ಮರಾಂದಾ ಎರಡೂ ಫೋನು ಕೆಳಗಿಟ್ಟು, ಪತ್ರಿಕೆಗೆಂದು ಹೊರತೆಗೆದ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಫೋಟೊ ಬೇಡ. ಅವಳು ಎಚ್ಚರವಾಗೇ ಇದ್ಲು ಅಂತ ಬರೀರಿ. ಯಾರು ಹೇಳಿದ್ದು ಅಂತ ಮೇಲಿನವ್ರು ಕೇಳೇ ಕೇಳ್ತಾರೆ. ನನ್ನ ಹೆಸರು ಪೂರ್ತಿ ಹಾಕಿ."