ಓಟಿಪಿ ಕೊಡಲ್ಲ

ಕೆಲಸ ಮಾಡದೆ ಕಂಪ್ಲೇಂಟ್ ಕ್ಲೋಸ್ ಮಾಡೋರನ್ನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಆಯುಧಪೂಜೆಗೆ ಇಟ್ಟಿದ್ದ ಹಳೇ ಲ್ಯಾಪ್‌ಟಾಪನ್ನು ದಸರಾ ರಜೆ ಮುಗಿಸಿ ತೆಗೆದರೆ ವೈಫೈ ಇಲ್ಲ. ಹನ್ನೊಂದಕ್ಕೆ ನನ್ನ ಆನ್‌ಲೈನ್ ಪಾಠ. ತಕ್ಷಣ ಕಂಪ್ಲೇಂಟ್ ಕೊಟ್ಟೆ. ಇಂಟರ್‌ನೆಟ್ ಕಂಪನಿಯವನು ಬಸವೇಶ್ವರನಗರದ ನಮ್ಮ ಮನೆಗೆ ಬಂದವನೇ ಬಾಗಿಲಲ್ಲೇ ನಿಂತು ರೂಟರ್ ಕಡೆ ನೋಡಿದ.

“ಹಸಿರು ಲೈಟ್ ಇದೆಯಲ್ಲ ಸಾರ್. ಫೋನಿಗೆ ಬಂದಿರೋ ಓಟಿಪಿ ಹೇಳಿ, ಕಂಪ್ಲೇಂಟ್ ಕ್ಲೋಸ್ ಮಾಡ್ತೀನಿ.”

“ಲ್ಯಾಪ್‌ಟಾಪಲ್ಲಿ ಎಲ್ರೀ ಬಂತು ವೈಫೈ?”

“ಅದು ನಮ್ದಲ್ಲ ಸಾರ್. ಹೊಸದು ತಗೊಂಬಿಡಿ. ಓಟಿಪಿ?”

“ಒಂದ್ಸಲ ಮುಟ್ಟಿ ನೋಡೋಕೂ ಆಗಲ್ವೇನ್ರೀ?” ಅಂತ ಕೂಗಾಡಿಬಿಟ್ಟೆ.

ಗಲಾಟೆ ಕೇಳಿ ಅಡುಗೆಮನೆಯಿಂದ ಅಮ್ಮ ಬಂದರು. “ಪೂಜೆ ದಿನ ವಿಭೂತಿ ಹಚ್ಚೋಕೆ ಮುಂಚೆ ಲ್ಯಾಪ್‌ಟಾಪನ್ನ ಒರೆಸ್ತಾ ಇದ್ದೆ ಕಣೋ. ಅಂಚಲ್ಲಿರೋ ಸಣ್ಣ ಗುಂಡಿ ಆ ಕಡೆ ಸರೀತು. ಅದೇನಾದ್ರೂ ಇರಬೋದಾ?”

ಅದೇ ವೈಫೈ ಸ್ವಿಚ್ಚು. ಈ ಕಡೆ ಸರಿಸಿದೆ, ನೆಟ್ ಬಂತು.

ಅವನು ಹಲ್ಲು ಬಿಟ್ಟ. “ಈಗ ಹೇಳ್ತೀರಾ ಸಾರ್, ಓಟಿಪಿ?”

“ಕೆಡಿಸಿದ್ದು ನಮ್ಮಮ್ಮ, ಸರಿ ಮಾಡಿದ್ದೂ ನಮ್ಮಮ್ಮ. ನಿಮಗ್ಯಾಕ್ರೀ ಓಟಿಪಿ?” ಅಂತ ಬಾಗಿಲು ಹಾಕಿದೆ.

ಆ ಕಂಪ್ಲೇಂಟ್ ಇನ್ನೂ ಓಪನ್ ಇದೆ ಅಂತ ದಿನಾ ಮೆಸೇಜ್ ಬರುತ್ತೆ. ನೆಮ್ಮದಿಯಾಗಿ ಓದ್ಕೊಂಡು ಕಾಫಿ ಕುಡೀತೀನಿ.